ತಪಸ್ಸುಕಾಲದ ನಿತ್ಯಧ್ಯಾನಗಳು

ವರ್ಷವರ್ಷವೂ ಬೂದಿ ಬುಧವಾರವು ಸಮೀಪಿಸುತ್ತಲೇ ಕ್ರೈಸ್ತರ ಮನೆಗಳಲ್ಲಿ ಒಂದು ಕಿರುಹೊತ್ತಗೆಯು ಕಾಣಿಸಿಕೊಳ್ಳುತ್ತದೆ. ದಿನಕ್ಕೊಂದು ಪುಟ; ಪುಟದ ತಲೆಯಲ್ಲಿ ಸತ್ಯವೇದದ ಒಂದು ವಚನ; ಅದರ ಕೆಳಗೆ ಯಾವುದೋ ನಾವಿಕನದೋ ವೈದ್ಯನದೋ ಒಂದು ಸಣ್ಣ ಕಥೆ; ಕಥೆಗೊಂದು ನೀತಿ; ನೀತಿಗೊಂದು ಮೂರು ಸಾಲಿನ ಪ್ರಾರ್ಥನೆ. ಈಚೆಗೆ ಹೊತ್ತಗೆಯ ತೊಂದರೆಯೂ ಬೇಡವೆಂದು ಅದೇ ಸರಕನ್ನು ಬೆಳಗಾಗುವುದರೊಳಗೆ ಮೊಬೈಲಿಗೆ ಕಳುಹಿಸಿಬಿಡುವ ಏರ್ಪಾಡಾಗಿದೆ. ಕಾಫಿಯ ಲೋಟವು ಬರಿದಾಗುವಷ್ಟರಲ್ಲಿ ಆ ದಿನದ ಧ್ಯಾನವೂ ಮುಗಿಯುತ್ತದೆ. ಹೀಗೆ ನಲವತ್ತು ದಿನಗಳು ಕಳೆದು, ಪುನರುತ್ಥಾನದ ಹಬ್ಬವು ಬಂದು, ಓದಿದವರಿಗೆ ತಾವು ಶಾಸ್ತ್ರವನ್ನು ಓದಿದೆವೆಂಬ ಸಮಾಧಾನವುಂಟಾಗುತ್ತದೆ. ಈ ಸಮಾಧಾನವು ಹುಸಿ ಎಂಬುದೇ ನಮ್ಮ ವಾದ.

ಸಾಹಿತ್ಯ ಸಂಘದ ಮಾಸಪತ್ರಿಕೆಯಲ್ಲಿ ಮತವಿಚಾರವೇಕೆಂದು ಕೆಲವು ವಾಚಕರು ಕೇಳಬಹುದು. ಇದು ಮತವಿಚಾರವಾಗಿರುವಷ್ಟೇ ವಾಚನವಿಚಾರವೂ ಆಗಿದೆ. ಒಂದು ಮಹಾಗ್ರಂಥವನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದು ಸಾಹಿತ್ಯಾಭಿಮಾನಿಗಳ ಪ್ರಶ್ನೆಯಲ್ಲದೆ ಮತ್ತಾರ ಪ್ರಶ್ನೆ? ರಾಮಾಯಣದಿಂದ ದಿನಕ್ಕೊಂದು ಶ್ಲೋಕಾರ್ಧವನ್ನು ಕತ್ತರಿಸಿ, ಅದಕ್ಕೆ ಒಬ್ಬ ವ್ಯಾಪಾರಿಯ ಕಥೆಯನ್ನು ಅಂಟಿಸಿ, ಇದೇ ರಾಮಾಯಣ ಪಾರಾಯಣವೆಂದು ಯಾರಾದರೂ ಹಂಚಿದರೆ ನಮ್ಮ ಸಂಘದ ಹಿರಿಯರು ಸುಮ್ಮನಿರುತ್ತಿದ್ದರೆ? ಸತ್ಯವೇದವೂ ಕನ್ನಡದ ಗ್ರಂಥವೇ. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಶನ್ನಿನ ಪಾದ್ರಿಯು ಕನ್ನಡವನ್ನು ಕಲಿತು, ಭಾಷಾಂತರಕ್ಕೆ ಕೈಹಚ್ಚಿ, 1831ರ ಹೊತ್ತಿಗೆ ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾಗುವಂತೆ ಮಾಡಿದನು. ಎರಡು ದಶಕಗಳ ಆ ಶ್ರಮವು ನಡೆದುದು ನಾವು ಅದರಿಂದ ನಲವತ್ತು ಸಾಲುಗಳನ್ನು ಹೆಕ್ಕಿಕೊಂಡು ಉಳಿದುದನ್ನು ಬಟ್ಟೆಯಲ್ಲಿ ಸುತ್ತಿಡಲೆಂದಲ್ಲ.

ಮೊದಲು ಈ 'ವಚನ'ವೆಂಬ ಮಾತನ್ನೇ ಪರೀಕ್ಷಿಸೋಣ. ಕನ್ನಡಿಗನಿಗೆ ವಚನವೆಂದೊಡನೆ ಬಸವಣ್ಣನವರ, ಅಕ್ಕಮಹಾದೇವಿಯ ವಚನಗಳು ನೆನಪಾಗುತ್ತವೆ. ಅವು ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದವು, ಅಂಕಿತದಲ್ಲಿ ಮುಗಿಯುವುವು, ಒಂದನ್ನು ಬಿಡಿಯಾಗಿ ಎತ್ತಿಕೊಂಡರೆ ಅದಕ್ಕೆ ಅಂಗಭಂಗವಾಗುವುದಿಲ್ಲ. ಸತ್ಯವೇದದ ವಚನವಾದರೋ ಅಂತಹುದಲ್ಲ. ಮೂಲದಲ್ಲಿ ಅಧ್ಯಾಯಗಳಿಗೂ ವಚನಗಳಿಗೂ ಅಂಕಿಗಳಿರಲಿಲ್ಲ. ಈಗಿರುವ ಅಧ್ಯಾಯವಿಭಾಗವು 13ನೆಯ ಶತಮಾನದ ಆದಿಯಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಪಂಡಿತನಿಂದ ಬಂದುದೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆಗಳನ್ನು ಹಾಕಿದವನು ರಾಬರ್ಟ್ ಎಸ್ತಿಯೆನ್ ಎಂಬ ಫ್ರೆಂಚ್ ಮುದ್ರಣಕಾರ, 1551ರಲ್ಲಿ. ಪ್ಯಾರಿಸಿನಿಂದ ಲಿಯೋನಿಗೆ ಪ್ರಯಾಣಮಾಡುವಾಗ ತಂದೆಯು ಆ ಕೆಲಸವನ್ನು ಮಾಡಿದನೆಂದು ಅವನ ಮಗನೇ ಬರೆದಿಟ್ಟಿದ್ದಾನೆ. ಹುಡುಕುವವರಿಗೆ ಅನುಕೂಲವಾಗಲೆಂದು ಒಬ್ಬ ಅಚ್ಚುಕೂಟದವನು ಹಾಕಿದ ಗುರುತುಗಳಿವು, ಹೊಲದ ಬಾಂದುಕಲ್ಲುಗಳಿದ್ದಂತೆ. ಕಲ್ಲನ್ನು ಕಿತ್ತು ಮನೆಗೆ ತಂದವನು ಹೊಲವನ್ನು ಉತ್ತೆನೆಂದು ಹೇಳಬಹುದೆ? ಒಂದೇ ಹೆಸರಿನ ದೆಸೆಯಿಂದ ಎರಡು ಬೇರೆ ವಸ್ತುಗಳನ್ನು ಒಂದೆಂದು ಭ್ರಮಿಸಿದ ದೋಷವು ನಮ್ಮ ಕನ್ನಡ ಧ್ಯಾನಕಾರರಿಗೆ ವಿಶೇಷವಾಗಿ ತಗಲಿದೆ.

ಇನ್ನು ಇದಕ್ಕಿಂತ ಘನವಾದ ಆಕ್ಷೇಪಣೆಯೊಂದುಂಟು. ತಪಸ್ಸುಕಾಲದ ಮೊದಲನೆಯ ಭಾನುವಾರದಲ್ಲಿ ದೇವಾಲಯಗಳಲ್ಲಿ ಓದುವ ಪಾಠವು ಯಾವುದು? ಕ್ರಿಸ್ತನು ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದು ಸೈತಾನನಿಂದ ಶೋಧಿಸಲ್ಪಟ್ಟ ಪ್ರಸಂಗ. ಅಲ್ಲಿ ಸೈತಾನನು ಅವನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕೆಂದು ಹೇಳುವಾಗ ತನ್ನ ಮಾತಿಗೆ ಆಧಾರವಾಗಿ ಏನನ್ನು ಮುಂದಿಡುತ್ತಾನೆ? 91ನೆಯ ಕೀರ್ತನೆಯನ್ನು! ದೇವದೂತರು ನಿನ್ನನ್ನು ಎತ್ತಿಹಿಡಿಯುವರೆಂಬ ಭರವಸೆಯನ್ನು ಅಲ್ಲಿಂದ ಕಿತ್ತು ತಂದು ತೋರಿಸುತ್ತಾನೆ. ಆ ಕೀರ್ತನೆಯನ್ನು ತೆರೆದು ನೋಡಿರಿ. ನಡೆಯುವ ಮಾರ್ಗಗಳೆಲ್ಲದರಲ್ಲಿಯೂ ಕಾಪಾಡುವರೆಂಬ ಅರ್ಥದ ಮಾತು ಅಲ್ಲಿದೆ. ಸೈತಾನನ ಬಾಯಲ್ಲಿ ಅದು ಬಿಟ್ಟುಹೋಗಿದೆ. ನಡೆಯುವವನಿಗೆ ಕೊಟ್ಟ ಅಭಯವನ್ನು ಧುಮುಕುವವನಿಗೆ ಕೊಟ್ಟ ಅಪ್ಪಣೆಯನ್ನಾಗಿ ಮಾಡಿದುದು ಹೀಗೆ. ಮುಂದಿನ ಸಾಲಿನಲ್ಲಿಯೇ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತು ಬರುತ್ತದೆ. ಅದನ್ನು ಸರ್ಪವು ಉಲ್ಲೇಖಿಸದಿದ್ದುದು ಸಹಜವೇ! ಕ್ರಿಸ್ತನಾದರೋ ಮೂರು ಸಲವೂ ಉತ್ತರವನ್ನು ತೆಗೆದುಕೊಳ್ಳುವುದು ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದ, ಎಂದರೆ ಇಸ್ರಾಯೇಲ್ಯರು ನಲವತ್ತು ವರ್ಷ ಮರುಭೂಮಿಯಲ್ಲಿ ಹಸಿದು ಅಲೆದುದನ್ನು ನೆನಪಿಸುವ ಒಂದೇ ಪ್ರಕರಣದಿಂದ. ತಾನು ನಿಂತ ಸ್ಥಳವೂ, ತನ್ನ ಹಸಿವೂ, ಆ ಗ್ರಂಥಭಾಗದ ಸ್ಥಳವೂ ಹಸಿವೂ ಒಂದೇ ಎಂದು ಬಲ್ಲವನು ಕೊಟ್ಟ ಉತ್ತರವದು. ಒಬ್ಬನು ಅಧ್ಯಾಯವನ್ನು ಬಲ್ಲನು, ಇನ್ನೊಬ್ಬನು ಬಿಡಿ ಸಾಲನ್ನು ಬಲ್ಲನು. ತಪಸ್ಸುಕಾಲದ ಬಾಗಿಲಲ್ಲಿಯೇ ಇಂತಹ ಪಾಠವಿರುವಾಗ ನಮ್ಮ ಕಿರುಹೊತ್ತಗೆಗಳು ಯಾವ ಪಕ್ಷದ ಪದ್ಧತಿಯನ್ನು ಹಿಡಿದಿವೆ ಎಂಬುದನ್ನು ಅವುಗಳ ಕರ್ತೃಗಳೇ ಯೋಚಿಸಲಿ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ರೋಮನ್ ಸಭೆಯವರು 1969ರಲ್ಲಿ ಏರ್ಪಡಿಸಿದ ಮೂರು ವರ್ಷಗಳ ಪಾಠಕ್ರಮದಲ್ಲಿ, ಮೊದಲನೆಯ ವರ್ಷದ ತಪಸ್ಸುಕಾಲದ ಮೂರನೆಯ ಭಾನುವಾರಕ್ಕೆ ಯೋಹಾನನ 4ನೆಯ ಅಧ್ಯಾಯದಲ್ಲಿರುವ ಸಮಾರ್ಯದ ಹೆಂಗಸಿನ ಕಥೆಯು ಬರುತ್ತದೆ. ಈ ಕಥೆಯ ಮೇಲಣ ನಿತ್ಯಧ್ಯಾನಗಳನ್ನು ನಾವು ಅನೇಕ ವರ್ಷಗಳಿಂದ ಓದುತ್ತ ಬಂದಿದ್ದೇವೆ. ನೂರಕ್ಕೆ ತೊಂಬತ್ತರಲ್ಲಿ ಇರುವುದು ಒಂದೇ ಮಾತು: ನಿನ್ನ ಹೃದಯವು ಬಾಯಾರಿದೆ, ಜೀವಜಲವನ್ನು ಬೇಡಿಕೋ. ಒಳ್ಳೆಯ ಮಾತೇ. ಆದರೆ ಆ ಬಾವಿಯು ಎಲ್ಲಿ ಹೋಯಿತು?

ಹೊತ್ತು ನಡುಹಗಲು. ದಾರಿನಡೆದು ದಣಿದವನು ಬಾವಿಯ ಬಳಿ ಕುಳಿತಿದ್ದಾನೆ. ಬಾವಿ ಆಳ, ಸೇದುವುದಕ್ಕೆ ಅವನ ಬಳಿ ಏನೂ ಇಲ್ಲ. ನೀರಿಗೆ ಬಂದವಳು ಸಮಾರ್ಯದವಳು. ಇವನು ಯೆಹೂದ್ಯನು. ಆ ಎರಡು ಜನಗಳೊಳಗೆ ಕೊಳುಕೊಡೆಯಿಲ್ಲ. ಒಬ್ಬರ ಪಾತ್ರೆಯನ್ನು ಮತ್ತೊಬ್ಬರು ಬಳಸುವುದಿಲ್ಲವೆಂದೇ ಮೂಲದ ಮಾತಿಗೆ ಅರ್ಥಹೇಳುವ ಪಂಡಿತರಿದ್ದಾರೆ. ಹೀಗಿರುವಲ್ಲಿ ಅವನು ಅವಳನ್ನು ಕುಡಿಯಲು ನೀರು ಕೇಳುತ್ತಾನೆ. ಅವಳು ಬೆರಗಾಗುತ್ತಾಳೆ. ಹಿಂದಿರುಗಿ ಬಂದ ಶಿಷ್ಯರೂ ಬೆರಗಾಗುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಅಧ್ಯಾಯದ ಕೊನೆಗೆ ಊರವರು ಬಂದು ನಮ್ಮಲ್ಲಿಯೇ ಇರೆಂದು ಬೇಡಿಕೊಳ್ಳಲು ಅವನು ಎರಡು ದಿನ ಆ ಊರಿನಲ್ಲಿ ಉಳಿಯುತ್ತಾನೆ. ಉಳಿದವನು ಅವರ ಪಾತ್ರೆಯ ನೀರನ್ನು ಕುಡಿದನೆಂದೂ ಅವರು ಇಕ್ಕಿದ ಅನ್ನವನ್ನು ಉಂಡನೆಂದೂ ಬೇರೆ ಹೇಳಬೇಕಾಗಿಲ್ಲವಷ್ಟೆ.

ಈ ಕಥೆಯು ನಮಗೆ ದೂರದ ಕಥೆಯೆ? ಬಾವಿಯ ಕಟ್ಟೆಯಿಂದ ಹತ್ತು ಮಾರು ಆಚೆಗೆ ಕೊಡವನ್ನಿಟ್ಟುಕೊಂಡು, ಯಾರಾದರೂ ಕರುಣಿಸಿ ಮೇಲಿನಿಂದ ಸುರಿಯಲೆಂದು ಕಾದು ನಿಂತವರ ಮಕ್ಕಳು ಮೊಮ್ಮಕ್ಕಳು ಈ ನಾಡಿನ ಸಭೆಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಅಂಬೇಡ್ಕರರು ಮುಂಬಯಿ ಪ್ರಾಂತದ ಮಹಾಡಿನಲ್ಲಿ ಚವದಾರ್ ಕೆರೆಗಿಳಿದು ನೀರು ಕುಡಿದುದು 1927ನೆಯ ಮಾರ್ಚಿ 20ರಂದು. ಅದು ಆ ವರ್ಷದ ತಪಸ್ಸುಕಾಲದೊಳಗಣ ಒಂದು ಭಾನುವಾರವಾಗಿತ್ತು. ಇದು ಕೇವಲ ಕಾಕತಾಳೀಯವೆಂದು ನಾವೂ ಬಲ್ಲೆವು. ಆದರೂ ಧ್ಯಾನವನ್ನು ಬರೆಯುವವನಿಗೆ ಕಣ್ಣಿದ್ದರೆ ಯೋಹಾನನ ಬಾವಿಯ ಪಕ್ಕದಲ್ಲಿ ಆ ಕೆರೆಯು ಕಾಣಬೇಡವೆ? ತನ್ನೂರಿನ ಬಾವಿಯಾದರೂ ಕಾಣಬೇಡವೆ? ಅವನಿಗೆ ಕಂಡುದು ಹೃದಯದ ಬಾಯಾರಿಕೆಯೊಂದೇ. ಮೈಯ ಬಾಯಾರಿಕೆಯನ್ನು ಹೃದಯದ ಬಾಯಾರಿಕೆಯನ್ನಾಗಿ ಮಾಡಿಬಿಟ್ಟರೆ ಯಾರೂ ಯಾರ ಪಾತ್ರೆಯನ್ನೂ ಮುಟ್ಟಬೇಕಾಗಿಲ್ಲ. ಸಭೆಯೊಳಗೇ ಇನ್ನೂ ಹುಲುಸಾಗಿ ಬೆಳೆದಿರುವ ಜಾತಿಯ ಕಳೆಯನ್ನೂ ಯಾರೂ ಕೀಳಬೇಕಾಗಿಲ್ಲ. ಮದುವೆಯ ಮಾತು ಬಂದಾಗ ಹುಡುಗಿಯ ಮುತ್ತಜ್ಜನು ಯಾವ ಕೇರಿಯವನೆಂದು ಮೆಲ್ಲಗೆ ವಿಚಾರಿಸುವ ಹಿರಿಯರು ಬೆಳಗ್ಗೆ ಇದೇ ಧ್ಯಾನವನ್ನು ಓದಿ ಕಣ್ಣೊರಸಿಕೊಂಡವರೇ. ಧ್ಯಾನವು ಅವರನ್ನು ಏನನ್ನೂ ಕೇಳಲಿಲ್ಲ. ಅಧ್ಯಾಯವು ಕೇಳುತ್ತಿತ್ತು.

ಯೆಶಾಯನ 58ನೆಯ ಅಧ್ಯಾಯಕ್ಕೂ ಇದೇ ಗತಿ. ಬಂಧನವನ್ನು ಬಿಡಿಸುವುದು, ಹಸಿದವನಿಗೆ ಅನ್ನವನ್ನು ಹಂಚುವುದು, ಮನೆಯಿಲ್ಲದವನನ್ನು ಮನೆಗೆ ಕರೆಯುವುದು, ಇದೇ ಉಪವಾಸವೆಂದು ಪ್ರವಾದಿಯು ಸಾರುತ್ತಾನೆ. ಉಪವಾಸದ ದಿನದಲ್ಲಿಯೇ ಕೂಲಿಯಾಳುಗಳನ್ನು ಹಿಂಡುವವರನ್ನು ಹೆಸರಿಟ್ಟು ಬಯ್ಯುತ್ತಾನೆ. ಕಿರುಹೊತ್ತಗೆಯಲ್ಲಿ ಉಳಿಯುವುದು, ನಿನ್ನ ಬೆಳಕು ಅರುಣೋದಯದಂತೆ ಮೂಡುವುದೆಂಬ ಅರ್ಥದ ಸವಿಮಾತು ಮಾತ್ರ. ಫಲವನ್ನಿಟ್ಟುಕೊಂಡು ಮರವನ್ನು ಬಿಟ್ಟರು.

ಭಾಷೆಯ ಮಾತನ್ನೂ ಹೇಳಬೇಕು, ಇಲ್ಲವಾದರೆ ಈ ಪತ್ರಿಕೆಯಲ್ಲಿ ಬರೆದುದಕ್ಕೆ ಸಾರ್ಥಕವಿಲ್ಲ. ಈ ಧ್ಯಾನಗಳಲ್ಲಿ ಬಹುಪಾಲು ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದವು. ಲೆಂಟ್ ಎಂಬ ಇಂಗ್ಲಿಷ್ ಮಾತಿಗೆ ಮೂಲಾರ್ಥವು ವಸಂತ. ಹಗಲು ಉದ್ದವಾಗತೊಡಗುವ ಕಾಲ. ಅಲ್ಲಿ ಹಿಮವು ಕರಗಿ ಚಿಗುರೊಡೆಯುವುದನ್ನು ಕಂಡು ಬರೆದವರು ಅದನ್ನು ಉಪಮಾನವಾಗಿ ಬಳಸಿದುದು ಸರಿಯಾಗಿಯೇ ಇದೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದು, ರಾಯಚೂರಿನ ಮಾರ್ಚಿ ತಿಂಗಳ ಬಿಸಿಲಿನಲ್ಲಿ ಕುಳಿತವನಿಗೆ ಮಂಜು ಕರಗುವುದನ್ನು ಧ್ಯಾನಿಸೆಂದರೆ ಅವನು ಏನನ್ನು ಧ್ಯಾನಿಸಬೇಕು? ಅವನ ಕಣ್ಣೆದುರಿಗೆ ಬಾವಿಯ ತಳವು ಕಾಣುತ್ತಿದೆ, ಕೆರೆಯಂಗಳವು ಬಿರಿದಿದೆ, ಬೇವು ಹೂಬಿಟ್ಟಿದೆ. ಯೂರೋಪಿನ ಧ್ಯಾನಕಾರನಿಗಿಂತ ಯೋಹಾನನ ಬಾವಿಗೂ, ಇಸ್ರಾಯೇಲ್ಯರ ಮರುಭೂಮಿಗೂ, ಮಿಡಿತೆಯ ಹಾವಳಿಗೆ ಬೆಳೆಯೊಣಗಿದುದನ್ನು ಕಂಡು ಗೋಳಿಟ್ಟ ಯೋವೇಲನಿಗೂ ಅವನೇ ಹತ್ತಿರದವನು. ಮನೆಬಾಗಿಲಲ್ಲಿರುವ ವಸ್ತುವನ್ನು ಸಾವಿರಾರು ಹರದಾರಿ ಸುತ್ತಿಸಿ ತಂದುಕೊಡುವ ಈ ಭಾಷಾಂತರವ್ಯಾಪಾರವು ನಮ್ಮ ಬಡತನದ ಗುರುತಲ್ಲ, ಸೋಮಾರಿತನದ ಗುರುತು.

ಇದಕ್ಕೆ ಪ್ರತಿಯಾಗಿ ಹೇಳತಕ್ಕ ಮಾತುಗಳಿಲ್ಲವೆಂದಲ್ಲ. ದುಡಿಯುವ ಜನರಿಗೆ ಹೊತ್ತೆಲ್ಲಿ? ಏನೂ ಇಲ್ಲದುದಕ್ಕಿಂತ ಒಂದು ವಚನವಾದರೂ ಲೇಸಲ್ಲವೆ? ನಮಗೆ ಆಪ್ತರಾದ ಒಬ್ಬ ಸಭಾಪಾಲಕರು ಇದನ್ನೇ ಕೇಳಿದರು. ಇದಕ್ಕೆ ಹಳೆಯ ಆಧಾರವೂ ಉಂಟು: ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ ತ್ಸಿನ್ಸೆಂಡಾರ್ಫ್ ಪ್ರಭುವು 1728ರಲ್ಲಿ ದಿನಕ್ಕೊಂದು ಮಾತನ್ನು ಗೊತ್ತುಮಾಡಿ ಸಹೋದರರಿಗೆ ಕೊಡುವ ಪದ್ಧತಿಯನ್ನು ಆರಂಭಿಸಿದನು, 1731ರಿಂದ ಅದು ಪುಸ್ತಕವಾಗಿ ಇಂದಿಗೂ ಬರುತ್ತಿದೆ. ಆದರೆ ಅಲ್ಲಿ ಆ ಮಾತನ್ನು ಮನೆಮನೆಗೆ ಮುಟ್ಟಿಸುವುದಕ್ಕೆ ಮನುಷ್ಯನು ಹೋಗುತ್ತಿದ್ದನು. ಅದನ್ನು ಕೇಳಿದ ಜನರು ಗ್ರಂಥವನ್ನು ಓದಿ ಬಲ್ಲವರಾಗಿದ್ದರು. ಬಲ್ಲವನಿಗೆ ಒಂದು ಸಾಲು ಇಡೀ ಅಧ್ಯಾಯವನ್ನು ಕರೆತರುತ್ತದೆ. ಅರಿಯದವನಿಗೆ ಅದು ಆ ಸಾಲಾಗಿಯೇ ಉಳಿಯುತ್ತದೆ.

ಹೊತ್ತಿಲ್ಲವೆಂಬ ಮಾತಿಗೆ ಲೆಕ್ಕವನ್ನೇ ಮುಂದಿಡುತ್ತೇವೆ. ಮಾರ್ಕನ ಸುವಾರ್ತೆಯಲ್ಲಿ ಇರುವುವು 16 ಅಧ್ಯಾಯಗಳು, ಸುಮಾರು 680 ವಚನಗಳು. ನಲವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ ಹದಿನೇಳು. ಓದುವುದಕ್ಕೆ ಮೂರು ನಿಮಿಷ ಸಾಕು. ಕಿರುಹೊತ್ತಗೆಯ ಪುಟಕ್ಕೆ ಅದಕ್ಕಿಂತ ಕಡಿಮೆ ಹಿಡಿಯುವುದಿಲ್ಲ. ನಮ್ಮ ಅಜ್ಜಿಯವರು ಎರಡನೆಯ ತರಗತಿಯ ಮೇಲೆ ಓದಿದವರಲ್ಲ. ತಪಸ್ಸುಕಾಲದ ಸಂಜೆಗಳಲ್ಲಿ ಬೆರಳನ್ನು ಸಾಲಿನ ಮೇಲೆ ಎಳೆಯುತ್ತ, ಗಟ್ಟಿಯಾಗಿ, ತಡವರಿಸುತ್ತ, ಒಂದು ಅಧ್ಯಾಯವನ್ನು ಓದುತ್ತಿದ್ದರು. ಅರ್ಥವಾಗದ ಕಡೆಯಲ್ಲಿ ನಿಂತು, "ಇದು ನನಗೆ ತಿಳಿಯಲಿಲ್ಲ ಮಗು, ಮುಂದೆ ನೋಡೋಣ" ಎನ್ನುತ್ತಿದ್ದರು. ತಿಳಿಯಲಿಲ್ಲವೆಂಬ ಆ ಮಾತನ್ನು ನಾವು ಇದುವರೆಗೆ ಯಾವ ನಿತ್ಯಧ್ಯಾನದಲ್ಲಿಯೂ ಕಂಡಿಲ್ಲ. ಅಲ್ಲಿ ಎಲ್ಲವೂ ತಿಳಿದೇ ಇರುತ್ತದೆ, ಎಲ್ಲಕ್ಕೂ ನೀತಿ ಸಿದ್ಧವಾಗಿರುತ್ತದೆ.

ಕನ್ನಡದಲ್ಲಿ ಕ್ರಿಸ್ತನ ಶ್ರಮೆಯನ್ನು ಕುರಿತ ಹೆಸರಾದ ಕಾವ್ಯಗಳಲ್ಲಿ ಒಂದಾದ 'ಗೊಲ್ಗೊಥಾ'ವನ್ನು ಬರೆದವರು ಮಂಜೇಶ್ವರದ ಗೋವಿಂದ ಪೈಗಳು, ಅವರು ಕ್ರೈಸ್ತರಲ್ಲ. ಸುವಾರ್ತೆಯ ಪ್ರಕರಣವನ್ನು ಆದಿಯಿಂದ ಅಂತ್ಯದವರೆಗೆ ಕಣ್ಣಿಟ್ಟು ಓದಿದವರಿಗಲ್ಲದೆ ಆ ಕಾವ್ಯವು ಸಾಧ್ಯವಾಗುತ್ತಿರಲಿಲ್ಲ. ನಮ್ಮ ಮನೆಯ ಗ್ರಂಥವನ್ನು ನೆರೆಮನೆಯವರು ಹಾಗೆ ಓದಿದರು. ನಾವು ಅದರ ತುಣುಕುಗಳನ್ನು ಹಂಚಿಕೊಳ್ಳುತ್ತಿದ್ದೇವೆ.

ಈ ಲೇಖನದಿಂದ ಕೆಲವರಿಗೆ ನೋವಾಗುವುದೆಂದು ಬಲ್ಲೆವು. ಕಿರುಹೊತ್ತಗೆಗಳನ್ನು ಬರೆಯುವವರಲ್ಲಿ ಸಜ್ಜನರಿದ್ದಾರೆ, ನಮ್ಮ ಮಿತ್ರರೂ ಇದ್ದಾರೆ. ಅವರಲ್ಲಿ ಯಾರಾದರೂ ಖಂಡನೆಯನ್ನು ಬರೆದರೆ ಸಂಪಾದಕರು ಅದಕ್ಕೆ ಇದೇ ಪುಟಗಳಲ್ಲಿ ಅವಕಾಶಕೊಡುವರೆಂದು ನಂಬಿದ್ದೇವೆ. ನಮ್ಮ ಬಿನ್ನಹವು ಒಂದೇ: ಲೇಖನಿಯನ್ನು ಹಿಡಿಯುವ ಮೊದಲು ಯೋಹಾನನ 4ನೆಯ ಅಧ್ಯಾಯವನ್ನು ಮೊದಲ ಸಾಲಿನಿಂದ ಆ ಎರಡು ದಿನಗಳ ವಾಸದವರೆಗೆ ಒಮ್ಮೆ ಗಟ್ಟಿಯಾಗಿ ಓದಲಿ, ಸಾಧ್ಯವಾದರೆ ಮಧ್ಯಾಹ್ನದ ಹೊತ್ತು, ತಮ್ಮ ಊರಿನ ಬಾವಿಯ ಕಟ್ಟೆಯ ಮೇಲೆ ಕುಳಿತು.