ವಿಮಾನ ತಡವಾದರೆ ಕೇಳಿ ಪಡೆಯಿರಿ



ದೆಹಲಿಯಲ್ಲಿ ಮಂಜು ಕವಿದರೆ, ಬೆಂಗಳೂರಿನಲ್ಲಿ ಬಿಸಿಲಿದ್ದರೂ ವಿಮಾನ ಹೊರಡುವುದಿಲ್ಲ. ಅಲ್ಲಿಂದ ಬಂದ ವಿಮಾನವೇ ತಾನೇ ಇಲ್ಲಿಂದ ಮರಳಬೇಕು! ಆಗ ಕೌಂಟರಿನ ಹುಡುಗಿಯ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ, ನಿಯಮ ತಿಳಿದು ಕೇಳಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ, ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ, ಎರಡೂವರೆ ಗಂಟೆವರೆಗಿನ ಪ್ರಯಾಣ 2 ಗಂಟೆ, ಬೆಂಗಳೂರು–ದೆಹಲಿಯಂಥ ದೀರ್ಘ ಪ್ರಯಾಣ 3 ಗಂಟೆ ತಡವಾಗುವಂತಿದ್ದರೆ ವಿಮಾನ ಸಂಸ್ಥೆಯೇ ಊಟ-ತಿಂಡಿ ಕೊಡಬೇಕು. ದೇಶದೊಳಗಿನ ವಿಮಾನ 6 ಗಂಟೆಗೂ ಹೆಚ್ಚು ತಡವಾದರೆ ಬದಲಿ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್ ಕೇಳಬಹುದು.

ಉಳಿದ ಹೊತ್ತನ್ನೆಲ್ಲ ಮೊಬೈಲಿಗೆ ಒಪ್ಪಿಸುವುದೇಕೆ? ಕೆಂಪೇಗೌಡ ನಿಲ್ದಾಣದ 2ನೇ ಟರ್ಮಿನಲ್‌ನ ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳನ್ನು ನೋಡುತ್ತ ನಾಲ್ಕು ಹೆಜ್ಜೆ ಹಾಕಬಹುದು. ಕಳೆದ ಬಾರಿ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಡಬ್ಬಿ ಬಿಚ್ಚಿ, ರಚ್ಚೆ ಹಿಡಿದಿದ್ದ ಯಾರದೋ ಮಗುವಿನ ಕೈಗೆ ಕೋಡುಬಳೆ ಇಟ್ಟರು. ಮಗು ಸುಮ್ಮನಾಯಿತು, ದೊಡ್ಡವರ ಹರಟೆ ಶುರುವಾಯಿತು.

ಪ್ರಯಾಣಿಕರ ಈ ಹಕ್ಕುಗಳ ಫಲಕವನ್ನು ಪ್ರತಿ ಗೇಟಿನ ಬಳಿಯೂ ಎದ್ದುಕಾಣುವಂತೆ ಕನ್ನಡದಲ್ಲಿ ಹಾಕಲಿ. ಮೊದಲ ಸಲ ವಿಮಾನ ಹತ್ತುವ ಹಿರಿಯರಿಗೆ ಅದರಿಂದ ದೊಡ್ಡ ಉಪಕಾರವಾದೀತು.

– ಓರ್ವ ಪ್ರಯಾಣಿಕ, ತುಮಕೂರು