ಬೆನ್ನ ಮೇಲೊಂದು ಬಾಣದ ಗುರುತು

ಅಜ್ಜನ ಕಾಲದ ವಾಚನ್ನು ರಿಪೇರಿ ಅಂಗಡಿಗೆ ಒಯ್ದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಕೇಸಿಗೆ ಪಾಲಿಶ್ ಹೊಡೆಸಿ ಸಾರ್, ಡಯಲ್ಲಿಗೆ ಹೊಸ ಪೇಂಟ್ ಹಾಕಿಸಿಬಿಡೋಣ. ಹೊಸಾದೇ ಆಗ್ಬಿಡತ್ತೆ.’ ದಿನಬಳಕೆಯ ವಾಚಿಗೆ ಇದು ಒಳ್ಳೆಯ ಸಲಹೆಯೇ. ಆದರೆ ಆ ವಾಚು ಒಂದು ಕಾಲದಲ್ಲಿ ಸೈನಿಕನೊಬ್ಬನ ಮಣಿಕಟ್ಟಿನ ಮೇಲೆ ಇದ್ದದ್ದಾದರೆ, ಸ್ವಲ್ಪ ಹೊತ್ತಿನ ಪಾಲಿಶ್‌ನಲ್ಲಿ ಅದರ ಚರಿತ್ರೆಯೇ ಅಳಿಸಿಹೋಗುತ್ತದೆ. ಸೇನೆಯ ಹಳೆಯ ಕೈಗಡಿಯಾರ ಸಂಗ್ರಹಿಸುವವರು ಮೊದಲು ಕಲಿಯಬೇಕಾದ ಪಾಠ ಇದು: ಇಲ್ಲಿ ಹೊಳಪು ಗುಣವಲ್ಲ, ದೋಷ.

ಗಂಡಸರಿಗೆ ಕೈಗೆ ವಾಚು ಕಟ್ಟುವ ಅಭ್ಯಾಸ ಹಿಡಿಸಿದ್ದೇ ಯುದ್ಧ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕೈಗಡಿಯಾರವೆಂದರೆ ಹೆಂಗಸರ ಆಭರಣ. ಗಂಡಸರದು ಸರಪಳಿ ಹಾಕಿದ ಜೇಬುಗಡಿಯಾರ. 1914-18ರ ಮಹಾಯುದ್ಧ ಇದನ್ನು ಬದಲಿಸಿತು. ಫಿರಂಗಿಗಳ ಗುಂಡಿನ ಮಳೆ ಮುಂದಕ್ಕೆ ಸರಿಯುವ ಹೊತ್ತಿಗೆ ಸರಿಯಾಗಿ ಕಾಲಾಳುಗಳು ಕಂದಕದಿಂದ ಮೇಲೇಳಬೇಕಿತ್ತು. ಬೇಗ ಎದ್ದರೆ ತಮ್ಮವರದೇ ಗುಂಡಿಗೆ ಬಲಿ. ತಡವಾದರೆ ಶತ್ರುವಿನ ಮೆಷಿನ್‌ಗನ್ನಿಗೆ. ಅಂಥ ಹೊತ್ತಿನಲ್ಲಿ ಕೋಟಿನ ಜೇಬು ತಡಕಾಡಲು ಪುರುಸೊತ್ತೆಲ್ಲಿ? ಮುಂಬಯಿ, ಕಲ್ಕತ್ತೆಗಳಲ್ಲಿ ವ್ಯಾಪಾರ ನಡೆಸುತ್ತಿದ್ದ ವೆಸ್ಟ್ ಎಂಡ್ ಕಂಪನಿಯ ಸ್ವಿಸ್ ಗಡಿಯಾರಗಳು ಮೆಸಪೊಟೇಮಿಯಕ್ಕೆ ಹೋದ ಭಾರತೀಯ ಪಡೆಗಳ ಜೊತೆಗೂ ಇದ್ದವು.

ಇಂದು ಸಂಗ್ರಾಹಕರು ಹೆಚ್ಚು ಹಂಬಲಿಸುವುದು ಎರಡನೆಯ ಮಹಾಯುದ್ಧದ ಒಂದು ಗುಂಪಿಗಾಗಿ. ಬ್ರಿಟನ್ನಿನ ಯುದ್ಧ ಇಲಾಖೆ ತನ್ನ ಸೈನಿಕರಿಗೆ ಬೇಕಾದ ವಾಚು ಹೇಗಿರಬೇಕೆಂದು ನಿಯಮ ಬರೆದು ಸ್ವಿಟ್ಜರ್ಲೆಂಡಿಗೆ ಕಳಿಸಿತು. ಕಪ್ಪು ಡಯಲ್, ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳು, ಆರರ ಬಳಿ ಸೆಕೆಂಡಿನ ಪುಟ್ಟ ಮುಳ್ಳು, ಒಡೆಯದ ಗಾಜು, ನೀರು ನುಗ್ಗದ ಕೇಸು, ಹದಿನೈದು ಕಲ್ಲುಗಳ ಯಂತ್ರ. ಬ್ಯೂರನ್, ಸೈಮಾ, ಎಟರ್ನಾ, ಗ್ರಾನಾ, ಐಡಬ್ಲ್ಯುಸಿ, ಜೇಗರ್ ಲಕೂಲ್ಟ್ರ್, ಲೆಮಾನಿಯಾ, ಲಾಂಜಿನ್ಸ್, ಒಮೆಗಾ, ರೆಕಾರ್ಡ್, ಟಿಮೋರ್, ವರ್ಟೆಕ್ಸ್ ಎಂಬ ಹನ್ನೆರಡು ಹೆಸರಿನಲ್ಲಿ ಅವು ತಯಾರಾದವು. 1967ರ ಪ್ರಸಿದ್ಧ ಸಿನಿಮಾದ ಹೆಸರು ಎರವಲು ಪಡೆದು ಸಂಗ್ರಾಹಕರು ಇವನ್ನು ‘ಡರ್ಟಿ ಡಜನ್’ ಎಂದು ಕರೆದರು. ಇವುಗಳಲ್ಲಿ ಅತಿ ವಿರಳವಾದದ್ದು ಗ್ರಾನಾ. ಹನ್ನೊಂದನ್ನು ಕೂಡಿಸಿ ಇದೊಂದಕ್ಕಾಗಿ ವರ್ಷಗಟ್ಟಲೆ ಕಾಯುವವರುಂಟು.

ವಾಚುಗಳು ಬಂದದ್ದು 1945ರಲ್ಲಿ. ಬಹುಪಾಲು ಸೈನ್ಯದ ಕೈ ಸೇರುವಷ್ಟರಲ್ಲಿ ಯುರೋಪಿನ ಯುದ್ಧವೇ ಮುಗಿದಿತ್ತು! ‘ಇದು ನಾರ್ಮಂಡಿಯ ದಡದಲ್ಲಿ ಇಳಿದ ವಾಚು’ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಸುಮ್ಮನಾಗಬಹುದು. ಆ ದಾಳಿ ನಡೆದದ್ದು ಹಿಂದಿನ ವರ್ಷದ ಜೂನ್‌ನಲ್ಲಿ.

ಹಾಗಾದರೆ ನಂಬಬೇಕಾದದ್ದು ಏನನ್ನು? ವಾಚಿನ ಬೆನ್ನನ್ನು. ಅಲ್ಲಿ ಮೇಲ್ಮುಖವಾದ ಒಂದು ಬಾಣ ಕೊರೆದಿರುತ್ತದೆ. ಅದು ಬ್ರಿಟಿಷ್ ಸರ್ಕಾರದ ಸ್ವತ್ತೆಂಬ ಗುರುತು. ಅದರ ಜೊತೆಗೆ ಮೂರು ‘ಡಬ್ಲ್ಯು’, ಅಂದರೆ ‘ವಾಚ್, ರಿಸ್ಟ್, ವಾಟರ್‌ಪ್ರೂಫ್’; ಆಮೇಲೆ ತಯಾರಕರ ಸಂಖ್ಯೆ, ಸೇನೆಯ ಸಂಖ್ಯೆ. ಸೈನಿಕ ಅದನ್ನು ಕಟ್ಟಿಕೊಂಡಿದ್ದನೇ ಹೊರತು ಅದು ಅವನದಾಗಿರಲಿಲ್ಲ. ಬಂದೂಕು, ಕಂಬಳಿಗಳ ಹಾಗೆ ಅದೂ ಉಗ್ರಾಣದ ಲೆಕ್ಕದ ವಸ್ತು. ಮತ್ತೊಬ್ಬನಿಗೆ ಕೊಟ್ಟಾಗ ಕೆಲವೊಮ್ಮೆ ಹೊಸ ಸಂಖ್ಯೆಯನ್ನೂ ಕೊರೆಯುತ್ತಿದ್ದರು. ಪಾಲಿಶ್ ಚಕ್ರಕ್ಕೆ ಮೊದಲು ತುತ್ತಾಗುವುದು ಈ ಗೀರುಗಳೇ.

ಇಲ್ಲೊಂದು ಸೂಕ್ಷ್ಮವಿದೆ. ಸೇನೆಯ ಕಾರ್ಯಾಗಾರದಲ್ಲಿ ದುರಸ್ತಿಗೆ ಕೂತವರಿಗೆ ವಾಚು ನಡೆಯಬೇಕಿತ್ತು, ಅಷ್ಟೆ. ಒಂದರ ಮುಳ್ಳನ್ನು ಇನ್ನೊಂದಕ್ಕೆ ಹಾಕಿದರು, ಡಯಲ್ ಬದಲಿಸಿದರು. ಹಾಗೆ ಬದಲಾದ ವಾಚು ನಕಲಿಯಲ್ಲ. ಆ ಬದಲಾವಣೆಯೂ ಅದರ ನೌಕರಿಯ ಭಾಗ. ಆದರೆ ಅದೇ ಕೆಲಸವನ್ನು ಇವತ್ತು ಮಾರಾಟಕ್ಕೆಂದು ಮಾಡಿದರೆ ಅದು ಸುಳ್ಳು. ನಾಲ್ಕಾರು ಗುಜರಿ ವಾಚುಗಳ ಭಾಗ ಸೇರಿಸಿ, ಡಯಲ್ಲಿಗೆ ಹೊಸದಾಗಿ ಬಣ್ಣ ಬಳಿದು ಮಾರುವ ವಾಚಿಗೆ ವಿದೇಶದ ಸಂಗ್ರಾಹಕರು ‘ಬಾಂಬೆ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ. ಬಣ್ಣ ಬಳಿಯುವವನ ಕೈಚಳಕವನ್ನು ಹಳಿಯಬೇಕಿಲ್ಲ. ಅದನ್ನು ಅಸಲಿ ಎಂದು ಮಾರುವ ನಾಲಗೆಯದೇ ತಪ್ಪು.

ಹಣ ಹೋದರೆ ಹೋಗಲಿ, ಆರೋಗ್ಯದ ಮಾತೂ ಇದೆ. ಆ ಕಾಲದ ಡಯಲ್ ಕತ್ತಲಲ್ಲಿ ಹೊಳೆಯುತ್ತಿದ್ದುದು ರೇಡಿಯಂನಿಂದ. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಡಯಲ್ಲಿಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ದವಡೆ ಕೊಳೆತು ಸತ್ತ ಸುದ್ದಿ 1920ರ ದಶಕದಲ್ಲೇ ಜಗತ್ತಿಗೆ ತಿಳಿದಿತ್ತು. ಇಂದು ಆ ಡಯಲ್‌ಗಳು ಹೊಳೆಯುವುದಿಲ್ಲ. ಅದರಿಂದ ವಿಷ ಇಳಿಯಿತೆಂದು ತಿಳಿದರೆ ಮೋಸ. ಸವೆದುಹೋದದ್ದು ಬೆಳಕು ಕೊಡುತ್ತಿದ್ದ ಸತುವಿನ ಪುಡಿ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಬ್ರಿಟಿಷ್ ಸೇನೆಯೇ ಮುಂದೆ ಅನೇಕ ವಾಚುಗಳ ಡಯಲ್ ತೆಗೆದು ಟ್ರಿಷಿಯಂ ಹಚ್ಚಿದ್ದನ್ನು ಕೂರಿಸಿತು. ವೃತ್ತದೊಳಗಿನ ‘ಟಿ’ ಅಕ್ಷರ ಅದರ ಗುರುತು. 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ರೇಡಿಯಂ ಡಯಲ್ಲಿನ 30 ಹಳೆಯ ವಾಚುಗಳನ್ನು ಪರೀಕ್ಷಿಸಿದರು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅವುಗಳಿಂದ ಸೇರುವ ರೇಡಾನ್ ಅನಿಲ ಸುರಕ್ಷಿತ ಮಿತಿಯ ನೂರು ಪಟ್ಟನ್ನೂ ಮೀರುತ್ತದೆಂದು ಕಂಡುಬಂತು. ಇಂಥ ವಾಚನ್ನು ಮನೆಯಲ್ಲಿ ಬಿಚ್ಚಬಾರದು, ಡಯಲ್ ಕೆರೆಯಬಾರದು, ಮಲಗುವ ಕೋಣೆಯ ಬೀರುವಿನಲ್ಲಿ ರಾಶಿ ಹಾಕಬಾರದು. ರಿಪೇರಿಗೆ ಕೊಡುವಾಗ ‘ಇದರಲ್ಲಿ ರೇಡಿಯಂ ಇದೆ’ ಎಂದು ಮೊದಲೇ ಹೇಳಬೇಕು.

ಕರ್ನಾಟಕದಲ್ಲಿ ಈ ಹವ್ಯಾಸ ಹಿಡಿದವರು ಮೊದಲು ಹುಡುಕುವುದು ಎಚ್‌ಎಂಟಿಯನ್ನು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರ ಉದ್ಯಮ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ಅದರ ಚಾವಿ ಕೊಡುವ ವಾಚುಗಳಿಗೆ ಬೇಡಿಕೆ ಏರಿತು. ‘ಜವಾನ್’, ‘ಸೈನಿಕ್’, ‘ಪೈಲಟ್’ ಎಂಬ ಹೆಸರು ಕೇಳಿ ಮರುಳಾಗುವವರೇ ಹೆಚ್ಚು. ಹೆಸರಿನಲ್ಲಿ ಸೈನಿಕನಿದ್ದ ಮಾತ್ರಕ್ಕೆ ಅದು ಸೇನೆ ಕೊಟ್ಟ ವಾಚಾಗದು. ಅಂಗಡಿಯಲ್ಲಿ ಕೊಂಡು ಕಟ್ಟಿದ ಗುಮಾಸ್ತರೂ ಮೇಷ್ಟ್ರುಗಳೂ ಬೇಕಷ್ಟಿದ್ದರು. ಪೈಲಟ್ ಡಯಲ್‌ಗಳಿಗಂತೂ ಹೊಸ ಬಣ್ಣ ಬಳಿದು ಮಾರುವ ದಂಧೆ ಜೋರಾಗಿದೆ. ತೀರಾ ಮಿರುಗುವ ಹಳೆಯ ಪೈಲಟ್ ಕಂಡರೆ ಎರಡು ಸಲ ಯೋಚಿಸುವುದು ಲೇಸು.

ಹಾಗೆಂದು ಹರಾಜಿನಲ್ಲಿ ಕೊಂಡದ್ದಷ್ಟೇ ಸಂಗ್ರಹವಲ್ಲ. ಸೇನೆಯಲ್ಲಿ ದುಡಿದು ಬಂದವರ ಮನೆಯ ಟ್ರಂಕಿನ ತಳದಲ್ಲಿ ನಿಂತ ವಾಚೊಂದು ಇದ್ದೀತು. ಕಟ್ಟಿದವರ ಹೆಸರು, ಪಡೆ, ಇದ್ದ ಊರು, ನಿವೃತ್ತಿಯ ವರ್ಷ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸೇವಾ ಪುಸ್ತಕದ ಜೊತೆ ಇಟ್ಟರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು, ಅಷ್ಟೆ.

ಮುಂದಿನ ಸಲ ರಿಪೇರಿಯವರು ಪಾಲಿಶ್ ಮಾತು ಎತ್ತಿದಾಗ ಕೊಡಬೇಕಾದ ಉತ್ತರ ಚಿಕ್ಕದು: ‘ಒಳಗಿನ ಯಂತ್ರಕ್ಕೆ ಎಣ್ಣೆ ಹಾಕಿ ನಡೆಯೋ ಹಾಗೆ ಮಾಡಿ ಸಾಕು. ಹೊರಗಿನ ಗೀರು ಹಾಗೇ ಇರಲಿ.’