ಸೂಟ್‌ಕೇಸೋ, ಬೆನ್ನುಚೀಲವೋ?

ನಮ್ಮ ಅಬ್ಬಿಗೆರೆ ಹಾಗೂ ಸುತ್ತಲಿನ ಜಾಲಹಳ್ಳಿ, ಗಂಗಮ್ಮನಗುಡಿ, ಚಿಕ್ಕಬಾಣಾವರದ ಬಡಾವಣೆಗಳಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಅನೇಕರಿದ್ದಾರೆ. ಅವರ ಮಕ್ಕಳಲ್ಲಿ ಹಲವರು ಕಡಲಾಚೆ ನೆಲೆಸಿದ್ದಾರೆ. ಆದುದರಿಂದ ವರ್ಷದ ಯಾವ ಕಾಲದಲ್ಲಿ ನೋಡಿದರೂ ಈ ಬೀದಿಗಳ ಒಂದಿಲ್ಲೊಂದು ಮನೆಯ ನಡುಮನೆಯಲ್ಲಿ ದೊಡ್ಡ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಮಲಗಿರುತ್ತವೆ. ಪಕ್ಕದಲ್ಲಿ ಕೊಕ್ಕೆಯ ತಕ್ಕಡಿ. ಯಜಮಾನರು ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ಎತ್ತುತ್ತಾರೆ, ಮನೆಯಾಕೆ ಅಂಕಿ ಓದುತ್ತಾರೆ. ಇಪ್ಪತ್ತಮೂರಕ್ಕಿಂತ ಮೇಲೆ ಹೋಯಿತೆಂದರೆ ಯಜಮಾನರ ಸ್ವೆಟರು ಹೊರಗೆ ಬರುತ್ತದೆಯೇ ಹೊರತು ಹಪ್ಪಳದ ಕಟ್ಟು ಬರುವುದಿಲ್ಲ.

ಇಂಥ ಮನೆಗಳ ಮಕ್ಕಳು, ಅಂದರೆ ನನ್ನ ಹಳೆಯ ವಿದ್ಯಾರ್ಥಿಗಳು, ಆಗಾಗ್ಗೆ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ. "ಮೇಷ್ಟ್ರೇ, ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿದ್ದೇವೆ. ಅವರಿಗೆ ಸೂಟ್‌ಕೇಸು ಒಳ್ಳೆಯದೋ, ಬ್ಯಾಕ್‌ಪ್ಯಾಕು ಒಳ್ಳೆಯದೋ?" ಮಗಳ ಮನೆಗೆಂದು ಎರಡು ಬಾರಿ ಸಾಗರ ದಾಟಿ ಬಂದವನೆಂಬ ಕಾರಣಕ್ಕೆ ನನಗೆ ಈ ಗೌರವ ಸಲ್ಲುತ್ತಿದೆ. ನನ್ನ ಉತ್ತರ ಸರಳವಾದದ್ದು. ಅರವತ್ತು ದಾಟಿದವರಿಗೆ ಒಬ್ಬೊಬ್ಬರಿಗೂ ಒಂದೇ ಸೂಟ್‌ಕೇಸು, ಅದೂ ನಡುಗಾತ್ರದ್ದು. ಜೊತೆಗೆ ಬೆನ್ನಿಗೊಂದು ಸಣ್ಣ ಚೀಲ. ಟಿಕೆಟ್ಟು ಎರಡು ಪೆಟ್ಟಿಗೆಗಳಿಗೆ ಅವಕಾಶ ಕೊಟ್ಟಿದೆಯಲ್ಲ ಎಂದು ಕೇಳುತ್ತಾರೆ. ಕೊಟ್ಟಿದೆ, ನಿಜ. ಅದು ಅವಕಾಶವೇ ಹೊರತು ಆಜ್ಞೆಯಲ್ಲ.

ಲೆಕ್ಕ ಹಾಕಿ ನೋಡೋಣ. ಹಿಂದೆ ಅಮೆರಿಕದ ದಾರಿಯಲ್ಲಿ ತಲಾ 32 ಕಿಲೋ ತೂಕದ ಎರಡು ಪೆಟ್ಟಿಗೆಗಳಿಗೆ ಅನುಮತಿಯಿತ್ತು. ಈಗ ಸಾಮಾನ್ಯ ದರ್ಜೆಯಲ್ಲಿ ಬಹುತೇಕ ವಿಮಾನಸಂಸ್ಥೆಗಳು ಪೆಟ್ಟಿಗೆಯೊಂದಕ್ಕೆ 23 ಕಿಲೋ ಎಂದು ಮಿತಿಗೊಳಿಸಿವೆ. ದಂಪತಿಗಳಿಬ್ಬರು ಸೇರಿದರೆ ನಾಲ್ಕು ಪೆಟ್ಟಿಗೆ, 92 ಕಿಲೋ. ಅಂಗಡಿಯಿಂದ ಬಂದ 25 ಕಿಲೋ ಅಕ್ಕಿಯ ಚೀಲವನ್ನು ಹೊಸ್ತಿಲಿನಿಂದ ಅಡುಗೆಮನೆಗೆ ಒಯ್ಯಲು ಅಂಗಡಿಯ ಹುಡುಗನನ್ನೇ ಕಾಯುವ ನಾವು, ಅಂಥವೇ ನಾಲ್ಕು ಮೂಟೆಗಳನ್ನು ಭೂಗೋಳದ ಇನ್ನೊಂದು ಮಗ್ಗುಲಿಗೆ ಸಾಗಿಸಲು ಹಿಂದೆಮುಂದೆ ನೋಡುವುದಿಲ್ಲ! ಸೂಟ್‌ಕೇಸಿಗೆ ಚಕ್ರಗಳಿವೆಯಲ್ಲ ಎಂಬುದು ನಮ್ಮ ಧೈರ್ಯ.

ಈ ಚಕ್ರಗಳ ಕಥೆ ಸ್ವಾರಸ್ಯಕರವಾಗಿದೆ. ನಮ್ಮ ಬಾಲ್ಯದ ಪ್ರಯಾಣವೆಂದರೆ ಕಬ್ಬಿಣದ ಟ್ರಂಕು ಮತ್ತು ಹಾಸಿಗೆ ಸುತ್ತಿದ ಹೋಲ್ಡಾಲು. ಅವೆರಡನ್ನೂ ಹೊರಲು ರೈಲು ನಿಲ್ದಾಣದ ಕೂಲಿಯವರು. ಪೆಟ್ಟಿಗೆಗೆ ಚಕ್ರ ಜೋಡಿಸುವ ಉಪಾಯ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರಿಗೆ ಹೊಳೆದದ್ದು 1970ರಲ್ಲಿ. ಅವರಿಗೆ ಪೇಟೆಂಟು ದೊರೆತದ್ದು 1972ರಲ್ಲಿ. ಅದು ಅಡ್ಡಲಾಗಿ ನಿಲ್ಲಿಸಿ ಪಟ್ಟಿಯಿಂದ ಎಳೆಯುವ ಪೆಟ್ಟಿಗೆ. ಇಂದು ನಾವು ಕಾಣುವ, ನೆಟ್ಟಗೆ ನಿಂತು ಹಿಡಿಯನ್ನು ಮೇಲಕ್ಕೆಳೆಯುವ ಮಾದರಿಯನ್ನು 1987ರಲ್ಲಿ ರೂಪಿಸಿದವರು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು. ವಿಮಾನದವರು ಮಾಡಿದ ವಸ್ತುವಾದ್ದರಿಂದ ಅದು ವಿಮಾನನಿಲ್ದಾಣದ ಕನ್ನಡಿಯಂಥ ನೆಲದ ಮೇಲೆ ಚೆನ್ನಾಗಿ ಓಡುತ್ತದೆ. ನೆಲ ಬದಲಾದೊಡನೆ ಅದರ ಗುಣವೂ ಬದಲಾಗುತ್ತದೆ. ಅಬ್ಬಿಗೆರೆಯ ನಮ್ಮ ಅಡ್ಡರಸ್ತೆಯಲ್ಲಿ ಒಮ್ಮೆ ಎಳೆದು ನೋಡಿದರೆ ನನ್ನ ಮಾತು ಅರ್ಥವಾದೀತು.

ಮನೆ ಬಿಟ್ಟು ವಿಮಾನ ಏರುವವರೆಗೆ ಪೆಟ್ಟಿಗೆಯನ್ನು ಎಷ್ಟು ಸಲ ಎತ್ತಬೇಕೆಂಬುದನ್ನು ಯಾರೂ ಎಣಿಸುವುದಿಲ್ಲ. ಟ್ಯಾಕ್ಸಿಯ ಡಿಕ್ಕಿ ತೆರೆದರೆ ಒಳಗೆ ಸಿ.ಎನ್.ಜಿ. ಸಿಲಿಂಡರು ಅರ್ಧ ಜಾಗ ಹಿಡಿದು ಕುಳಿತಿರುತ್ತದೆ. ಒಂದು ಪೆಟ್ಟಿಗೆ ಡಿಕ್ಕಿಗೆ, ಒಂದು ಚಾಲಕನ ಪಕ್ಕದ ಆಸನಕ್ಕೆ, ಇನ್ನೊಂದು ದಂಪತಿಗಳ ನಡುವೆ. ವಾಯುವಜ್ರ ಬಸ್ಸಿನಲ್ಲಿ ಹೋಗುವುದಾದರೆ ಮೆಟ್ಟಿಲ ಮೇಲಕ್ಕೆತ್ತಬೇಕು. 2008ರಲ್ಲಿ ವಿಮಾನನಿಲ್ದಾಣ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದದ್ದು ನಮ್ಮಂಥ ಉತ್ತರದವರಿಗೆ ಅನುಕೂಲವೇ ಆಯಿತು, ಆದರೆ ಅಲ್ಲಿಗೆ ಮೆಟ್ರೋ ಇನ್ನೂ ಬಂದಿಲ್ಲ.

ಅತ್ತ ಇಳಿದ ಮೇಲಿನ ಕಷ್ಟ ಬೇರೆಯದು. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿಯುವ ಊರಿನಲ್ಲಿಯೇ ಪೆಟ್ಟಿಗೆಗಳನ್ನು ತೆಗೆದುಕೊಂಡು, ಸುಂಕದವರನ್ನು ದಾಟಿ, ಮುಂದಿನ ವಿಮಾನಕ್ಕಾಗಿ ಮತ್ತೆ ಒಪ್ಪಿಸಬೇಕು. ಮಗನಿರುವುದು ಎಲ್ಲೋ ಒಳನಾಡಿನ ಊರಿನಲ್ಲಿ, ಪೆಟ್ಟಿಗೆ ಎತ್ತಬೇಕಾದದ್ದು ನಡುದಾರಿಯ ಷಿಕಾಗೋದಲ್ಲಿಯೋ ನ್ಯೂಯಾರ್ಕಿನಲ್ಲಿಯೋ. ಅಲ್ಲಿ ಮಗನಿರುವುದಿಲ್ಲ. ನಿದ್ದೆಯಿಲ್ಲದ ರಾತ್ರಿಯ ಬಳಿಕ, ಸುತ್ತುತ್ತಿರುವ ಪಟ್ಟಿಯ ಮೇಲೆ ನಮ್ಮ ಪೆಟ್ಟಿಗೆ ಬರುವ ಕ್ಷಣಕ್ಕೆ ಬಾಗಿ ಕಾದು, ಅದು ಮುಂದೆ ಸಾಗುವ ಮೊದಲೇ 23 ಕಿಲೋ ಎಳೆದುಕೊಳ್ಳಬೇಕು. ಬೆನ್ನು ಹಿಡಿದುಕೊಳ್ಳುವುದು ಇಲ್ಲಿಯೇ. ಗಾಲಿಕುರ್ಚಿಯ ನೆರವು ಕೋರಿದವರಿಗೆ ಸಹಾಯಕರು ಎತ್ತಿಕೊಡುವುದುಂಟು. ಆದರೆ ನಡೆಯಬಲ್ಲ ಮನುಷ್ಯ ಪೆಟ್ಟಿಗೆಯ ಭಾರಕ್ಕಾಗಿಯೇ ಗಾಲಿಕುರ್ಚಿ ಹತ್ತುವುದನ್ನು ನಾನು ಒಪ್ಪಲಾರೆ.

ಹಾಗಾದರೆ ಬೆನ್ನುಚೀಲ ಏತಕ್ಕೆ? ಕೈಗಳೆರಡೂ ಬಿಡುವಾಗಿರಲಿ ಎಂಬುದಕ್ಕೆ. ಮೆಟ್ಟಿಲ ಬಳಿ ಕಂಬಿ ಹಿಡಿಯಲು, ಪಾಸ್‌ಪೋರ್ಟ್ ತೆಗೆದು ತೋರಿಸಲು, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಳ್ಳಲು ಕೈ ಬೇಕು. ಪಂಚೆಯುಟ್ಟು ಪಾಠ ಮಾಡಿದ ಹಿರಿಯರು ಕಾಲೇಜು ಹುಡುಗರಂತೆ ಬೆನ್ನಿಗೆ ಚೀಲ ಏರಿಸುವುದೇ ಎಂದು ಕೆಲವರು ಮುಜುಗರಪಡುತ್ತಾರೆ. ನನಗೆ ಇದು ವಿಚಿತ್ರವಾಗಿ ತೋರುತ್ತದೆ. ನಮ್ಮ ತಾತಂದಿರು ಸಂತೆಗೂ ಜಾತ್ರೆಗೂ ಹೋಗುತ್ತಿದ್ದುದು ಹೆಗಲ ಮೇಲೆ ಹಸಿಬೆ ಚೀಲ ಹಾಕಿಕೊಂಡೇ. ನಡುವೆ ಬಾಯಿ, ಹಿಂದೆ ಮುಂದೆ ಎರಡು ಜೇಬು. ಭಾರವೂ ಸಮ, ಕೈಯೂ ಬಿಡುವು. ಇಂದಿನ ಯುವಕರಿಗೆ ಆ ಪದವೇ ತಿಳಿದಿರಲಾರದು.

ಭಾರ ಎಷ್ಟಿರಬೇಕು? ಈ ವಿಚಾರದಲ್ಲಿ ಶಿಕ್ಷಕರಾದ ನಮಗೆ ಸ್ವಲ್ಪ ಅಧಿಕಾರವಾಣಿಯಿಂದ ಮಾತನಾಡುವ ಹಕ್ಕಿದೆ. ಮೈಸೂರಿನ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಕ್ಕಳ ಪಾಟೀಚೀಲದ ಭಾರದ ಬಗ್ಗೆ ಸದನದಲ್ಲಿ ಮನಮುಟ್ಟುವಂತೆ ಮಾತನಾಡಿದ್ದರು. ಅನಂತರ ಯಶ್‌ಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ಕೊಟ್ಟಿತು. ನಮ್ಮ ರಾಜ್ಯ ಸರ್ಕಾರವೂ 2019ರಲ್ಲಿ ಆದೇಶ ಹೊರಡಿಸಿ, ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದೆಂದು ವಿಧಿಸಿತು. ಒಂದು, ಎರಡನೆಯ ತರಗತಿಗೆ ಗರಿಷ್ಠ 2 ಕಿಲೋ. ಒಂಬತ್ತು, ಹತ್ತಕ್ಕೆ 5 ಕಿಲೋ. ಅದೇ ನಿಯಮ ಅಜ್ಜ ಅಜ್ಜಿಯರಿಗೂ ಅನ್ವಯಿಸಲಿ. ಕ್ಯಾಬಿನ್ನಿಗೆ 7 ಕಿಲೋ ಒಯ್ಯಲು ಅನೇಕ ಸಂಸ್ಥೆಗಳು ಬಿಡುತ್ತವೆ. 70 ಕಿಲೋ ತೂಗುವವರಿಗೆ ಅದು ಸರಿಯಾಗಿ ಹತ್ತರಲ್ಲೊಂದು ಪಾಲು. ನನ್ನ ಶ್ರೀಮತಿಯವರ ತೂಕ ಐವತ್ತರ ಆಸುಪಾಸು, ಆದುದರಿಂದ ಅವರ ಚೀಲ 5 ಕಿಲೋ ದಾಟದಂತೆ ನೋಡಿಕೊಂಡೆ. ಅವರ ಕೈಚೀಲದ ತೂಕವನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಇಲ್ಲಿ ಒಂದು ಮುಖ್ಯವಾದ ಮಾತು ಹೇಳಬೇಕು. ನಮ್ಮ ಬೀದಿಯ ಹಿರಿಯ ದಂಪತಿಗಳು ಮಗನ ಊರು ತಲುಪಿದರು, ಅವರ ಪೆಟ್ಟಿಗೆಗಳು ತಲುಪಲಿಲ್ಲ. ಮೂರು ದಿನ ಅವು ಯಾವುದೋ ನಡುದಾರಿಯ ಊರಿನಲ್ಲಿ ತಂಗಿದ್ದವು. ಬಟ್ಟೆಯ ಚಿಂತೆಯಿರಲಿಲ್ಲ, ಮಗನ ಅಂಗಿಗಳಿದ್ದವು. ಆದರೆ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ವೈದ್ಯರ ಚೀಟಿ ಎಲ್ಲವೂ ಪೆಟ್ಟಿಗೆಯೊಳಗಿದ್ದವು. ಅಲ್ಲಿ ಆ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯವರು ಕೊಡುವುದಿಲ್ಲ. ನಮ್ಮ ಬೀದಿಕೊನೆಯ ಮೆಡಿಕಲ್ ಸ್ಟೋರ್ಸಿನಂತೆ ಖಾಲಿ ಹಾಳೆ ತೋರಿಸಿ ಹತ್ತು ಮಾತ್ರೆ ತರುವ ದೇಶವಲ್ಲ ಅದು. ಎರಡನೆಯ ದಿನ ಆ ತಾಯಿಗೆ ತಲೆ ಸುತ್ತಿ, ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕಾಯಿತು. ವಿಮಾನಸಂಸ್ಥೆ ಕ್ಷಮೆ ಕೋರಿತು. ಭಾರತವೂ 2009ರಲ್ಲಿ ಸೇರಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸಾಮಾನು ತಡವಾದರೆ ಕೈಸೇರಿದ 21 ದಿನದೊಳಗೆ, ಕೆಟ್ಟಿದ್ದರೆ 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಪ್ರಯಾಣಿಕರೊಬ್ಬರಿಗೆ ಸಿಗಬಹುದಾದ ಗರಿಷ್ಠ ಪರಿಹಾರ ಈಗ ಸುಮಾರು 2,000 ಡಾಲರಿಗೆ ತುಸು ಮೇಲೆ. ಆದರೆ ಆ ಹಣ ಬರುವುದು ತಲೆ ಸುತ್ತಿ ಎಷ್ಟೋ ವಾರಗಳಾದ ಮೇಲೆ.

ಆದುದರಿಂದ ಮೂರು ದಿನ ಯಾವುದಿಲ್ಲದೆ ಬದುಕಲಾಗದೋ ಅದು ಬೆನ್ನ ಮೇಲಿರಬೇಕು. ಮಾತ್ರೆಗಳು, ವೈದ್ಯರ ಚೀಟಿ, ಕನ್ನಡಕ, ಪಾಸ್‌ಪೋರ್ಟು, ಮಗನ ವಿಳಾಸ ಮತ್ತು ದೂರವಾಣಿ ಸಂಖ್ಯೆ ಬರೆದ ಕಾಗದ, ಒಂದು ಜೊತೆ ಬಟ್ಟೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಪೆಟ್ಟಿಗೆಯಲ್ಲಿಡಲೇಬಾರದು, ಸಾಮಾನಿನ ಕೋಣೆಯ ಚಳಿಯಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಫೋನಿಗೆ ಜೀವ ತುಂಬುವ ಪವರ್ ಬ್ಯಾಂಕನ್ನೂ ಕ್ಯಾಬಿನ್ನಿಗೇ ಒಯ್ಯಬೇಕು, ಅದು ನಿಯಮ.

ಮಿಕ್ಕದ್ದೆಲ್ಲ ಪೆಟ್ಟಿಗೆಗೆ. ಈ 'ಮಿಕ್ಕದ್ದು' ಎಂಬುದರಲ್ಲಿಯೇ ಜಗಳವಿರುವುದು. ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಒಂದೇ ಪೆಟ್ಟಿಗೆ ಸಾಕೆಂದು ಹೇಳುವುದು ಸುಲಭವಲ್ಲ. ಅಂಟಿನುಂಡೆ, ಬಾಣಂತಿ ಖಾರ, ಚಟ್ನಿಪುಡಿ, ಹುಳಿಪುಡಿ, ಮಗುವಿಗೆ ಹಳೆಯ ಮೆತ್ತನೆಯ ಸೀರೆಯ ಬಟ್ಟೆಗಳು. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಬೇಳೆ, ರವೆ, ಹಪ್ಪಳ ಎಲ್ಲವೂ ಸಿಗುತ್ತವೆ ಎಂದು ನಾನು ವಾದಿಸಿದೆ. "ಅಂಗಡಿಯಲ್ಲಿ ಅಮ್ಮನ ಕೈ ಸಿಗುತ್ತದೆಯೇ?" ಎಂದರು ನಮ್ಮ ಮನೆಯವರು. ಇದಕ್ಕೆ ಉತ್ತರವಿಲ್ಲ, ಹುಡುಕಲೂಬಾರದು. ಕೈಯಿಂದ ಮಾಡಿದ್ದು ಹೋಗಲಿ, ಕೊಂಡದ್ದು ಬೇಡ ಎಂಬಲ್ಲಿಗೆ ನಮ್ಮ ಮನೆಯಲ್ಲಿ ರಾಜಿಯಾಯಿತು. ಹಾಗೆ ಮಾಡಿದಾಗ ಎರಡನೆಯ ಪೆಟ್ಟಿಗೆಯ ಅಗತ್ಯವೇ ಬೀಳಲಿಲ್ಲ. ಒಂದು ಎಚ್ಚರಿಕೆ ಮಾತ್ರ: ನಮ್ಮ ತಿಪಟೂರಿನ ಒಣಕೊಬ್ಬರಿ ಎಷ್ಟೇ ಸೊಗಸಾಗಿದ್ದರೂ ಚೆಕ್-ಇನ್ ಪೆಟ್ಟಿಗೆಯಲ್ಲಿ ಅದಕ್ಕೆ ಅನುಮತಿಯಿಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಅದು ಸೇರಿದೆ.

ಓದಲು ಹೋಗುವ ಹುಡುಗರ ವಿಷಯ ಬೇರೆ. ಅವರು ಕುಕ್ಕರಿನಿಂದ ಹಿಡಿದು ಸಂಸಾರವನ್ನೇ ಹೂಡಬೇಕಾದವರು. ಎರಡೂ ಪೆಟ್ಟಿಗೆ ಒಯ್ಯಲಿ, ರಟ್ಟೆಯಲ್ಲಿ ಬಲವಿದೆ. ರಜೆಯಲ್ಲಿ ಯೂರೋಪು ಸುತ್ತುವವರಿಗೆ ಬರೀ ಬೆನ್ನುಚೀಲವೇ ಸಾಕು. ಅಲ್ಲಿನ ಹಳೆಯ ಪಟ್ಟಣಗಳ ಕಲ್ಲುಹಾಸಿನ ಬೀದಿಗಳು ಚಕ್ರಗಳಿಗೆ ಶತ್ರು. ಲಂಡನ್ನಿನ ಭೂಗತ ರೈಲಿನ ಅರ್ಧಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಬೀದಿಯಿಂದ ರೈಲಿನವರೆಗೆ ಮೆಟ್ಟಿಲಿಲ್ಲದ ದಾರಿಯೇ ಇಲ್ಲ.

ಕೊನೆಯದಾಗಿ ಪರರ ಗಂಟು. ಹೊರಡುವ ಸುದ್ದಿ ಹರಡಿದೊಡನೆ ದೂರದ ನೆಂಟರು, ನೆಂಟರ ಬೀಗರು, "ಹೇಗಿದ್ದರೂ ಹೋಗುತ್ತಿದ್ದೀರಿ, ಇದೊಂದು ಸಣ್ಣ ಪೊಟ್ಟಣ" ಎಂದು ಬರುತ್ತಾರೆ. ಎರಡು ಪೆಟ್ಟಿಗೆ ಇದೆಯೆಂದರೆ ಇಲ್ಲವೆನ್ನಲು ಬಾಯಿ ಬಾರದು, ಒಂದೇ ಇದ್ದರೆ ಜಾಗವಿಲ್ಲವೆಂಬುದು ಸತ್ಯವೇ ಆಗಿರುತ್ತದೆ. ಹೊಲಿದು ಮುಚ್ಚಿದ ಪೊಟ್ಟಣವನ್ನಂತೂ ಎಷ್ಟೇ ಹತ್ತಿರದವರು ಕೊಟ್ಟರೂ ಬಿಚ್ಚಿ ನೋಡದೆ ಒಯ್ಯಬಾರದು. ಸುಂಕದವರ ಮುಂದೆ ಉತ್ತರ ಹೇಳಬೇಕಾದವರು ಪೆಟ್ಟಿಗೆ ಹಿಡಿದವರೇ. ಹಾಗೆ ಹೇಳಲು ಸಂಕೋಚವಾದರೆ ನನ್ನ ಹೆಸರು ಹೇಳಿರಿ, ಮೇಷ್ಟ್ರು ಬೇಡವೆಂದಿದ್ದಾರೆ ಎನ್ನಿರಿ. ನೆಂಟರು ಮುನಿಸಿಕೊಂಡು ನಮ್ಮ ಮನೆಗೇ ಬಂದರೂ ಸರಿ, ಕಾಫಿ ಕೊಟ್ಟು ಸಮಾಧಾನಪಡಿಸುವ ಹೊಣೆ ನನ್ನದು.